ಕೆನ್ನೆಗೆ ಎಷ್ಟು ಮ್ಯಾಚು

ಗುರುವಾರ ಸಂಜೆ ಐದೂಮುಕ್ಕಾಲಿಗೆ, ಭದ್ರಾವತಿಯ ಮೈದಾನದಲ್ಲಿ, ಇಪ್ಪತ್ತನಾಲ್ಕು ವರ್ಷದ ಮುರಳಿ ಅರವತ್ತೊಂದು ವರ್ಷದ ನಾಗಯ್ಯನ ಕೆನ್ನೆಗೆ ಹೊಡೆದ.

ನೋಡಿದವರು ಮೂವತ್ತು ಜನ. ಎಲ್ಲರಿಗಿಂತ ಹತ್ತಿರದಲ್ಲಿದ್ದವನು ಭೂತಪ್ಪ. ಅವನ ಕೈಯಲ್ಲಿ ಅಳತೆ ಟೇಪಿನ ಒಂದು ತುದಿ ಇತ್ತು.

ಮುರಳಿ ಭದ್ರಾ ಇಲೆವೆನ್ ಫುಟ್‌ಬಾಲ್ ಕ್ಲಬ್ಬಿನ ದೊಡ್ಡ ಆಟಗಾರ. ನಾಗಯ್ಯ ಅದೇ ಮೈದಾನಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕುವವನು. ಅಭ್ಯಾಸದಲ್ಲಿ ಮುರಳಿ ಹೊಡೆದ ಪೆನಾಲ್ಟಿ ಕಂಬದ ಮೇಲಿಂದ ಹಾರಿಹೋಯಿತು. "ಮುದುಕ ಚುಕ್ಕಿ ತಪ್ಪಾಗಿ ಇಟ್ಟಿದಾನೆ" ಎಂದ ಮುರಳಿ. "ಅಳೀರಿ" ಎಂದ ನಾಗಯ್ಯ. ಕ್ಲಬ್ಬಿನ ಕಾರ್ಯದರ್ಶಿ ಎಂಬ ಕಾರಣಕ್ಕೆ ಭೂತಪ್ಪನೇ ಟೇಪು ಹಿಡಿದ. ಗೋಲಿನ ಗೆರೆಯಿಂದ ಚುಕ್ಕಿಗೆ ಮೂವತ್ತಾರು ಅಡಿ ಇರಬೇಕು. ಮೂವತ್ತಾರು ಅಡಿಯೇ ಇತ್ತು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಗ್ಗವಿಲ್ಲದೆ, ಕಡ್ಡಿಯಿಲ್ಲದೆ, ಬರಿಯ ಕಣ್ಣಳತೆಯಲ್ಲಿ ಇಟ್ಟ ಚುಕ್ಕಿ ಅದು. ಮೂವತ್ತು ಬಾಯಿಗಳಿಂದಲೂ ಒಂದು "ಆಹಾ" ಹೊರಟಿತು. ಆ "ಆಹಾ" ಮುಗಿಯುವ ಮೊದಲೇ ಏಟು ಬಿತ್ತು.

ಆಮೇಲೆ ಯಾರೂ ಏನೂ ಹೇಳಲಿಲ್ಲ. ಭಾನುವಾರ ಫೈನಲ್ ಇತ್ತು, ಅದೂ ಶಿವಮೊಗ್ಗದ ಕೋಟೆ ಕ್ಲಬ್ಬಿನ ವಿರುದ್ಧ.

ಮುರಳಿಯ ಎಡಗಾಲನ್ನು ನೋಡದವರಿಗೆ ಆ ಮೌನ ಅರ್ಥವಾಗುವುದಿಲ್ಲ. ಆ ಕಾಲಿನಿಂದ ಹೊರಟ ಚೆಂಡು, ಹೊಸ ಬಡಾವಣೆಯಲ್ಲಿ ಮನೆ ಹುಡುಕುವ ಪೋಸ್ಟ್‌ಮ್ಯಾನಿನ ಹಾಗೆ, ಅಡ್ಡ ನಿಂತ ನಾಲ್ಕು ಜನರನ್ನು ಬಳಸಿಕೊಂಡು, ಗೋಲ್‌ಕೀಪರನ ಎಡಗಡೆ ಒಂದು ಕ್ಷಣ ಅನುಮಾನಿಸಿ, ವಿಳಾಸ ಬಲಗಡೆಯದ್ದು ಎಂದು ನೆನಪಾದಂತೆ ತಿರುಗಿ ಒಳಗೆ ಹೋಗುತ್ತಿತ್ತು. ಮೈದಾನ ಉಸಿರು ಹಿಡಿಯುತ್ತಿತ್ತು. ಎಂಟು ಗಂಟೆ ಕುಲುಮೆಯ ಮುಂದೆ ಬೆಂದು ಪಾಳಿ ಮುಗಿಸಿ ಬಂದ ಗಂಡಸರು, ತಮ್ಮ ಜನ್ಮದಲ್ಲಿ ಇಂಥದ್ದೊಂದು ಕಾಣಸಿಕ್ಕಿತಲ್ಲ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದು ಸುಳ್ಳಲ್ಲ, ಭೂತಪ್ಪನೂ ಒರೆಸಿಕೊಂಡಿದ್ದಾನೆ.

ಆದ್ದರಿಂದ ಮುರಳಿ ಏನು ಮಾಡಿದರೂ ಊರು ನುಂಗಿಕೊಂಡಿತ್ತು. ಕಟಿಂಗ್ ಶಾಪಿನ ಕನ್ನಡಿ ಒಡೆದಾಗ ಅಂಗಡಿಯವನು ಚೂರಿಗೆ ಚೌಕಟ್ಟು ಹಾಕಿಸಿ 'ಮುರಳಿ ಒಡೆದದ್ದು' ಎಂದು ಬರೆಸಿ ಗೋಡೆಗೆ ತೂಗುಹಾಕಿದ. ರೆಫ್ರಿಯ ಸೈಕಲ್ಲನ್ನು ಎತ್ತಿ ನಾಲೆಗೆ ಎಸೆದಾಗ, ರೆಫ್ರಿಗೆ ಈಜು ಬರುತ್ತದೆಯೇ ಎಂದು ಕ್ಲಬ್ಬು ವಿಚಾರಿಸಿತು.

ಭಾನುವಾರ ಬೆಳಿಗ್ಗೆ ಭೂತಪ್ಪ ತಿಂಡಿಗೆ ಕೂತರೆ ತಟ್ಟೆಯಲ್ಲಿ ರೊಟ್ಟಿಯ ಬದಲು ಕ್ಲಬ್ಬಿನ ನಿಯಮಾವಳಿ ಇತ್ತು.

"ಹನ್ನೊಂದನೇದು ಓದಿ" ಎಂದಳು ಹೆಂಡತಿ ಯಲ್ಲಮ್ಮ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಭೂತಪ್ಪ ಓದಬೇಕಾಗಿರಲಿಲ್ಲ, ಬಾಯಿಪಾಠವಿತ್ತು. ಮೈದಾನದ ಕೆಲಸಗಾರರ ಮೇಲಾಗಲಿ ಅವರ ಸಾಮಾನಿನ ಮೇಲಾಗಲಿ ಕೈ ಅಥವಾ ಕಾಲು ಮಾಡಿದ ಆಟಗಾರನು ಮುಂದಿನ ಮೂರು ಪಂದ್ಯಗಳಲ್ಲಿ ಆಡತಕ್ಕದ್ದಲ್ಲ. ಹೋದ ವರ್ಷ ಕ್ಯಾಂಟೀನಿನ ಅಡುಗೆಯವನೂ ಹೆಚ್ಚುವರಿ ಆಟಗಾರನೂ ಆದ ಧರ್ಮಪ್ಪ ಸಿಟ್ಟಿನಲ್ಲಿ ನಾಗಯ್ಯನ ಸುಣ್ಣದ ಬಕೆಟ್ಟು ಒದ್ದಿದ್ದ. ಅರ್ಧ ಗಂಟೆಯಲ್ಲಿ ನೋಟೀಸು ಟೈಪಾಗಿತ್ತು. ಟೈಪು ಮಾಡಿದವನು ಭೂತಪ್ಪ.

"ಬಕೆಟ್ಟಿಗೆ ಮೂರು ಮ್ಯಾಚು" ಎಂದಳು ಯಲ್ಲಮ್ಮ. "ಕೆನ್ನೆಗೆ ಎಷ್ಟು ಮ್ಯಾಚು ಅಂತ ಈ ಲೈನ್‌ಮನೆಗಳ ಹೆಂಗಸರೆಲ್ಲ ನನ್ನ ಕೇಳ್ತಿದಾರೆ. ನಲ್ಲಿ ಹತ್ರ ಮುಖ ಎತ್ತೋಕಾಗಲ್ಲ ನಂಗೆ."

"ಇವತ್ತು ಫೈನಲ್ ಮಾರಾಯ್ತಿ..."

"ನಾಗಯ್ಯಮಾವ ಪಕ್ಕದ ಮನೇಲಿ ಮೂರು ದಿನದಿಂದ ಯಾರ ಹತ್ರಾನೂ ಸರಿಯಾಗಿ ಮಾತಾಡಿಲ್ಲ. ಆದ್ರೂ ಇವತ್ತು ಬೆಳಕು ಹರಿಯೋ ಮುಂಚೆ ಬಕೆಟ್ ತಗೊಂಡು ಗೆರೆ ಹಾಕೋಕೆ ಹೋದ್ರು. ಯಾಕ್ ಮಾವ ಅಂದೆ. 'ಗೆರೆ ಏನು ತಪ್ಪು ಮಾಡಿದೆ' ಅಂದ್ರು. ನೀವು ಆ ಕಾಗದ ಬರೆದು ರುಜು ಹಾಕೋವರೆಗೂ ಈ ಮನೇಲಿ ನಿಮಗೆ ರೊಟ್ಟಿ ಇಲ್ಲ."

ಭೂತಪ್ಪ ಹೆಂಡತಿಗೆ ಹೆದರಿದ್ದು ನಿಜ. ಆದರೆ ಅವನು ಟೈಪ್‌ರೈಟರಿನ ಮುಂದೆ ಕೂತದ್ದು ಬರಿಯ ಹೆದರಿಕೆಯಿಂದಲ್ಲ, ಅವನೊಳಗೊಂದು ಲೆಕ್ಕಾಚಾರವೂ ಇತ್ತು. ನೋಟೀಸಿಗೆ ಮೂವರ ರುಜು ಬೇಕು. ಮೊದಲು ಕಾರ್ಯದರ್ಶಿ, ಆಮೇಲೆ ಉಪಾಧ್ಯಕ್ಷ, ಕೊನೆಗೆ ಅಧ್ಯಕ್ಷ. ಉಪಾಧ್ಯಕ್ಷ ಶಿವರಾಜ್ ಸತ್ತರೂ ರುಜು ಹಾಕುವ ಆಸಾಮಿಯಲ್ಲ. ತಾನು ಧೈರ್ಯವಾಗಿ ರುಜು ಮಾಡಬಹುದು, ನ್ಯಾಯವಂತ ಅನ್ನಿಸಿಕೊಳ್ಳಬಹುದು, ಮುರಳಿ ಆಡುತ್ತಾನೆ, ರೊಟ್ಟಿಯೂ ಸಿಗುತ್ತದೆ. ಅವನು ಎಷ್ಟು ಹುರುಪಿನಿಂದ ರುಜು ಹಾಕಿದನೆಂದರೆ ಕಾಗದ ಹರಿಯಿತು. ಕಾರ್ಬನ್ ಪ್ರತಿಯ ಸಮೇತ ಇನ್ನೊಂದು ಟೈಪು ಮಾಡಬೇಕಾಯಿತು.

ಲೂನಾ ಏರಿ ಮಾಚೇನಹಳ್ಳಿಗೆ ಹೋದ. ಅಲ್ಲಿ ಶಿವರಾಜನ ವರ್ಕ್‌ಶಾಪು. ಅದೇ ವರ್ಕ್‌ಶಾಪಿನಲ್ಲಿ ಭೂತಪ್ಪ ಲೇತ್ ಮೆಷಿನ್ ನಡೆಸುತ್ತಿದ್ದದ್ದು. ಮುರಳಿಯ ಹೆಸರೂ ಅಲ್ಲಿನ ಹಾಜರಿ ಪುಸ್ತಕದಲ್ಲಿತ್ತು. ಹೆಸರು ದಿನಾ ಬರುತ್ತಿತ್ತು, ಮುರಳಿ ಬರುತ್ತಿರಲಿಲ್ಲ.

ಶಿವರಾಜ್ ಕಾಗದವನ್ನು ಎರಡು ಸಲ ಓದಿದ. ಭೂತಪ್ಪ ಬೈಗುಳಕ್ಕೆ ತಲೆ ಬಗ್ಗಿಸಿ ಸಿದ್ಧನಾಗಿ ನಿಂತ.

"ಅಧ್ಯಕ್ಷರ ಹತ್ರ ಹೋಗಿದ್ಯಾ?"

"ಇಲ್ಲ ಸಾರ್. ಮೊದಲು ನಿಮ್ಮ ಹತ್ರ."

ಶಿವರಾಜನ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಹರಡಿತು. "ಗಂಗಾಧರಪ್ಪನೋರು ಇದಕ್ಕೆ ರುಜು ಹಾಕ್ತಾರಾ?"

"ಎಲ್ಲಾದ್ರೂ ಉಂಟಾ ಸಾರ್!"

"ಹಂಗಾದ್ರೆ ಕೊಡಿಲ್ಲಿ." ಜೇಬಿನಿಂದ ಪೆನ್ನು ತೆಗೆದ. "ಬರೋ ತಿಂಗಳು ಕ್ಲಬ್ಬಿಗೆ ಎಲೆಕ್ಷನ್ನು. ಶಿವರಾಜ್ ನ್ಯಾಯಕ್ಕೆ ರುಜು ಹಾಕಿದ, ಅಧ್ಯಕ್ಷರು ತಡೆದ್ರು ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ." ರುಜು ಹಾಕಿ ಊದಿ ಒಣಗಿಸಿದ. "ಬಡವನ ಕೆನ್ನೆ ಅಂದ್ರೆ ಏನಂದ್ಕೊಂಡಿದಾರೆ ಇವ್ರು!" ಎಂದು ಇಡೀ ವರ್ಕ್‌ಶಾಪಿಗೆ ಕೇಳುವಂತೆ ಕೂಗಿದ.

ಭೂತಪ್ಪ ಕಾಗದವನ್ನು ಮಡಿಸಿ ಜೇಬಿಗಿಟ್ಟು, ಅಧ್ಯಕ್ಷರ ಮನೆಯಿರುವ ಶಿವಮೊಗ್ಗದ ಕಡೆಗೆ ಲೂನಾ ತಿರುಗಿಸಿದ.

ಇಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಹೆದ್ದಾರಿ ಪಕ್ಕದ ಚಹದಂಗಡಿಯಲ್ಲಿ ಆರು ಜನ ಎದ್ದು ಅಡ್ಡ ನಿಂತರು. "ಭೂತಪ್ಪಣ್ಣ, ಆ ಕಾಗದ ಕೊಡು, ಬೀಡಿ ಹಚ್ಕೋತೀವಿ" ಎಂದ ಒಬ್ಬ. "ನಿಂಗೆ ಕೋಟೆ ಕ್ಲಬ್ಬಿನೋರು ಏನ್ ಕೊಟ್ರು?" ಎಂದ ಇನ್ನೊಬ್ಬ. ಭೂತಪ್ಪ ತಾನು ನಿಯಮದ ಮನುಷ್ಯ ಎಂದು ವಿವರಿಸುತ್ತಿದ್ದಾಗ ಮೂರನೆಯವನು ಬಗ್ಗಿ, ಬಹಳ ಮರ್ಯಾದೆಯಿಂದ, ಲೂನಾದ ಎರಡೂ ಚಕ್ರದ ಗಾಳಿ ಬಿಟ್ಟ.

ಭೂತಪ್ಪ ಬಸ್ಸು ಹತ್ತಿದ. ಕಂಡಕ್ಟರ್ ಅವನ ಗುರುತು ಹಿಡಿದ. "ಶಿವಮೊಗ್ಗ ಒಂದು ತಾನೇ? ಟಿಕೆಟ್ ಬೇಡ ನಿಮಗೆ. ಆ ಕಾಗದ ಕಿಟಕಿಯಿಂದ ಬಿಸಾಕಿ, ಡೈರೆಕ್ಟಾಗಿ ಮನೆ ಬಾಗಿಲಿಗೇ ಬಿಡ್ತೀವಿ." ಬಸ್ಸಿನಲ್ಲಿ ಎರಡು ಪಕ್ಷಗಳಾದವು. ಮುಂದಿನ ಸೀಟಿನ ಹೆಂಗಸರು ನಾಗಯ್ಯನ ಕಡೆ, ಹಿಂದಿನ ಸೀಟಿನ ಗಂಡಸರು ಮುರಳಿಯ ಎಡಗಾಲಿನ ಕಡೆ. ಕೋಳಿಬುಟ್ಟಿ ಇಟ್ಟುಕೊಂಡ ಮುದುಕಿಯೊಬ್ಬಳು ಮಾತ್ರ, "ಕಾಲು ಚೆನ್ನಾಗಿದ್ರೆ ಕೈ ಯಾಕಪ್ಪಾ ಬಳಸ್ದ?" ಎಂದಳು.

ಅಧ್ಯಕ್ಷ ಗಂಗಾಧರಪ್ಪನವರು ಭದ್ರಾವತಿಯಲ್ಲಿ ಹುಟ್ಟಿ, ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಸಿಮೆಂಟಿನಂಗಡಿ ಇಟ್ಟು, ಅಲ್ಲಿಯೇ ಆಲ್ಕೊಳದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿಕೊಂಡವರು. ಊರು ಬಿಟ್ಟಿದ್ದರೂ ಅಧ್ಯಕ್ಷಗಿರಿ ಬಿಟ್ಟಿರಲಿಲ್ಲ. ಊಟಕ್ಕೆ ಕೂತಿದ್ದ ಅವರು ಎಡಗೈಯಲ್ಲಿ ಕಾಗದ ಹಿಡಿದು ನೋಡಿದರು. ಶಿವರಾಜನ ರುಜು ಕಂಡದ್ದೇ ತುತ್ತು ಗಂಟಲಲ್ಲಿ ನಿಂತಿತು.

"ಇವನು ಹಾಕಿದಾನಾ?"

"ಹಾಕಿದಾರೆ ಸಾರ್. ಕೂಗಿ ಕೂಗಿ ಹಾಕಿದ್ರು."

"ಎಲೆಕ್ಷನ್ನಿಗೆ ನನ್ನ ಕುತ್ತಿಗೆ ಕೊಯ್ಯೋಕೆ ಹಾಕಿದಾನೆ ಭಡವ." ಸಾರನ್ನದಲ್ಲಿ ಬೆರಳಾಡಿಸುತ್ತ ಯೋಚಿಸಿದರು. ಭೂತಪ್ಪ ಮನಸ್ಸಿನಲ್ಲೇ ಬೇಡಿಕೊಂಡ: ಹರಿದುಹಾಕಿ ಸಾರ್, ಹರಿದುಹಾಕಿ.

ಗಂಗಾಧರಪ್ಪನವರು ತಟ್ಟನೆ ನಕ್ಕರು. "ಏ ಭೂತಪ್ಪ, ಹನ್ನೊಂದನೇ ನಿಯಮದ ಕೊನೇ ಸಾಲು ಹೇಳು."

"ಆಟಗಾರನು ನೋಟೀಸನ್ನು ಸ್ವೀಕರಿಸಿ ರುಜು ಮಾಡಿದಲ್ಲಿ ತಕ್ಷಣದಿಂದ, ನಿರಾಕರಿಸಿದಲ್ಲಿ ರಿಜಿಸ್ಟರ್ಡ್ ಅಂಚೆ ತಲುಪಿದ ಎಂಟನೇ ದಿನದಿಂದ, ಜಾರಿಗೆ ಬರತಕ್ಕದ್ದು."

"ಮುರಳಿ ಇವತ್ತಿನವರೆಗೆ ಯಾರ ಕೈಯಿಂದಾದ್ರೂ ಒಂದು ಕಾಗದ ಮರ್ಯಾದೆಯಾಗಿ ತಗೊಂಡಿದಾನಾ? ಹೋದ ಸಲ ಸನ್ಮಾನ ಪತ್ರದಲ್ಲಿ ಬೂಟು ಒರೆಸ್ಕೊಂಡ. ಇದನ್ನ ನಿನ್ನ ಮುಖಕ್ಕೇ ಹರಿದು ಎಸೀತಾನೆ. ಕೋಪದಲ್ಲಿ ಎರಡು ಗೋಲು ಜಾಸ್ತಿ ಹೊಡೀತಾನೆ. ನ್ಯಾಯಾನೂ ಆಯ್ತು, ಕಪ್ಪೂ ಬಂತು." ಕೈ ತೊಳೆದು ಬಂದು, ಕನ್ನಡಕ ಹಾಕಿಕೊಂಡು, ಮೂರು ಸುತ್ತಿನ ರುಜು ಹಾಕಿದರು. "ಹದಿನೆಂಟು ವರ್ಷದ ಅಧ್ಯಕ್ಷಗಿರೀಲಿ ಇಷ್ಟು ನೆಮ್ಮದಿಯಾಗಿ ಯಾವುದಕ್ಕೂ ರುಜು ಹಾಕಿರಲಿಲ್ಲ ಮಾರಾಯ."

ಅವರ ಕಾರಿನಲ್ಲೇ ಭದ್ರಾವತಿಗೆ ವಾಪಸ್ಸು. ದಾರಿಯಲ್ಲಿ ಭೂತಪ್ಪನಿಗೂ ಸಮಾಧಾನವಾಗುತ್ತ ಬಂತು. ಹೌದಲ್ಲ, ಮುರಳಿ ಇದ್ದಾನಲ್ಲ! ಅವನ ಕೆಟ್ಟ ಬುದ್ಧಿಯ ಮೇಲೆ ಯಾರು ಬೇಕಾದರೂ ಭರವಸೆ ಇಡಬಹುದು. ಮುಖಕ್ಕೆ ಎಸೆದ ಕಾಗದದಿಂದ ನೋವಾಗುವುದಿಲ್ಲ. ಮನೆಗೆ ಹೋಗಿ, "ನಾನು ಕೊಟ್ಟೆ ಕಣೇ, ಅವನು ಹರಿದ" ಎಂದರೆ ರೊಟ್ಟಿಯ ಜೊತೆ ಎಣ್ಣೆಗಾಯಿಯೂ ಸಿಕ್ಕೀತು.

ಮೂರೂವರೆಗೆ ಮೈದಾನ ತುಂಬಿ, ಕಾಂಪೌಂಡಿನ ಗೋಡೆ ತುಂಬಿ, ಹುಣಸೇಮರವೂ ತುಂಬಿತ್ತು. ನಡುವೆ ನಾಗಯ್ಯನ ಗೆರೆಗಳು. ಕಾರಿನಿಂದಿಳಿದ ಭೂತಪ್ಪ ಒಂದು ಕ್ಷಣ ನಿಂತುಬಿಟ್ಟ. ಅಷ್ಟು ಬೆಳ್ಳಗೆ, ಅಷ್ಟು ನೇರವಾಗಿ, ಇಡೀ ಊರಿನಲ್ಲಿ ಬೇರೆ ಯಾವುದೂ ಇರಲಿಲ್ಲ. ನಡುವಿನ ವೃತ್ತ ಹುಣ್ಣಿಮೆ ಚಂದ್ರನ ಅಂಚಿನಂತಿತ್ತು. ಏಟು ತಿಂದ ಮನುಷ್ಯ, ಹೊಡೆದವನು ಆಡಲೆಂದು, ಕತ್ತಲಲ್ಲಿ ಬಗ್ಗಿ ಬಗ್ಗಿ ಹಾಕಿದ ಗೆರೆಗಳು ಅವು. ಗಂಗಾಧರಪ್ಪನವರು ಅವುಗಳ ಮೇಲೆಯೇ ಕಾಲಿಟ್ಟುಕೊಂಡು ಶಾಮಿಯಾನದ ಕಡೆ ಹೋದರು.

ಆಟಗಾರರ ತಗಡಿನ ಕೋಣೆಯಲ್ಲಿ ಮುರಳಿ ಬೂಟು ಕಟ್ಟಿಕೊಳ್ಳುತ್ತಿದ್ದ. ಬಾಗಿಲಲ್ಲಿ, ಕಿಟಕಿಯಲ್ಲಿ, ತಗಡಿನ ಸಂದಿಯಲ್ಲೆಲ್ಲ ಕಣ್ಣುಗಳು. ಅವುಗಳಲ್ಲಿ ಒಂದು ಜೊತೆ ಅಧ್ಯಕ್ಷರದ್ದು, ಒಂದು ಜೊತೆ ಶಿವರಾಜನದ್ದು. ಭೂತಪ್ಪ ಕಾಗದ ಚಾಚಿ, ಮುಖಕ್ಕೆ ಬೀಳಬಹುದಾದ್ದಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿಕೊಂಡ.

ಏನೂ ಬೀಳಲಿಲ್ಲ. ಕಣ್ಣು ತೆರೆದ. ಮುರಳಿ ಓದುತ್ತಿದ್ದ. ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದ.

"ಭೂತಣ್ಣ, ಇದು ನಂಗಾ?"

"ಹೂಂ ಕಣೋ." ಭೂತಪ್ಪ ಪಿಸುಗುಟ್ಟಿದ, "ಬೇಕಾದ್ರೆ ಹರಿ. ಬೇಜಾರಿಲ್ಲ."

"ನಂಗೂ ಬರುತ್ತಾ ಇದು!" ಮುರಳಿಯ ದನಿಯಲ್ಲಿ ಕೋಪವಿರಲಿಲ್ಲ. ಮೊದಲ ಸಲ ಸಮುದ್ರ ನೋಡಿದವನ ದನಿಯಂತಿತ್ತು ಅದು. "ಗುರುವಾರದಿಂದ ಕಾಯ್ತಿದೀನಿ ಭೂತಣ್ಣ. ಯಾರಾದ್ರೂ ಬಂದು ಬೈತಾರೆ ಅಂತ. ಶುಕ್ರವಾರ ಹೋಟೆಲಿಗೆ ಹೋದ್ರೆ ಎರಡು ಇಡ್ಲಿ ಜಾಸ್ತಿ ಹಾಕಿದ್ರು. ಶನಿವಾರ ಒಬ್ಬ ಬಂದು ಈ ಕೈಗೆ, ಇದೇ ಕೈಗೆ, ಶೇಕ್‌ಹ್ಯಾಂಡ್ ಕೊಟ್ಟ. ನಾಗಜ್ಜ ನಾನು ಸಣ್ಣೋನಿದ್ದಾಗ ಬರಿಗಾಲಲ್ಲಿ ಆಡ್ತಿದ್ರೆ ಸುಣ್ಣದಲ್ಲಿ ಕಾಲು ಉರಿಯುತ್ತೆ ಅಂತ ಎತ್ತಿ ಆಚೆ ನಿಲ್ಲಿಸ್ತಿದ್ದ. ಅವನಿಗೆ ಹೊಡ್ದಿದೀನಿ ನಾನು. ಹೊಡ್ದದ್ದಕ್ಕೆ ಇಡ್ಲಿ ಕೊಡ್ತಾರಲ್ಲ, ಇದೆಂಥಾ ಊರು ಅಂತ ಭಯ ಆಗಿತ್ತು."

"ಮುರಳಿ, ಟೈಮಾಯ್ತು..."

"ಪೆನ್ನು ಕೊಡಿ."

ಭೂತಪ್ಪ ಪೆನ್ನು ತಂದಿಲ್ಲವೆಂದ. ಅದು ಅವನ ಜೇಬಿನಲ್ಲೇ ಕಾಣುತ್ತಿತ್ತು. ಮುರಳಿಯೇ ತೆಗೆದುಕೊಂಡ. ಅಭಿಮಾನಿಗಳ ಪುಸ್ತಕದಲ್ಲಿ ಹಾಕುವ ಬಾಲದ ರುಜು ಹಾಕಲಿಲ್ಲ. ಶಾಲೆಯ ಹುಡುಗರು ಕಾಪಿ ಪುಸ್ತಕದಲ್ಲಿ ಬರೆಯುವಂತೆ, ಗುಂಡಗೆ, 'ಸ್ವೀಕರಿಸಿದ್ದೇನೆ. ತಪ್ಪು ನನ್ನದು' ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಬರೆದ. ಅದನ್ನು ಭೂತಪ್ಪನಿಗೆ ಕೊಟ್ಟು, ಕಾರ್ಬನ್ ಪ್ರತಿಯನ್ನು ಮಡಿಸಿ ಎಡಗಾಲಿನ ಕಾಲುಚೀಲದೊಳಗೆ ಇಟ್ಟುಕೊಂಡ.

ಕಿಟಕಿಯಲ್ಲಿ ಅಧ್ಯಕ್ಷರ ಕಣ್ಣುಗಳು ಕಾಣೆಯಾದವು. ದೊಪ್ಪನೆ ಏನೋ ಬಿದ್ದ ಸದ್ದಾಯಿತು.

ಪಂದ್ಯ ಶುರುವಾದಾಗ ಮುರಳಿ ಗೆರೆಯಾಚೆ ನಾಗಯ್ಯನ ಪಕ್ಕದಲ್ಲಿ ಹೋಗಿ ಕೂತ. ಏನು ಹೇಳಿದನೋ ಯಾರಿಗೂ ಕೇಳಲಿಲ್ಲ. ಕೇಳಿದ್ದು ನಾಗಯ್ಯನ ಮಾತು ಮಾತ್ರ, ಏಟು ಬಿದ್ದ ಮೇಲೆ ಮುರಳಿಯೊಡನೆ ಅವನಾಡಿದ ಮೊದಲ ಮಾತು: "ಬಕೆಟ್ ಮೇಲೆ ಕೂರಬೇಡ, ಬಾಗುತ್ತೆ."

ಮುರಳಿಯ ಜಾಗದಲ್ಲಿ ಧರ್ಮಪ್ಪ ಇಳಿದ. ಧರ್ಮಪ್ಪ ಒಳ್ಳೆಯ ಅಡುಗೆಯವನು. ಮೈದಾನದಲ್ಲೂ ಚೆಂಡನ್ನು ಹಿಟ್ಟಿನುಂಡೆಯಂತೆ ಬಹಳ ಹೊತ್ತು ನಾದುತ್ತಿದ್ದ. ಅಷ್ಟರಲ್ಲಿ ಕೋಟೆಯವರು ಬಂದು ಕೊಂಡೊಯ್ಯುತ್ತಿದ್ದರು. ಇಪ್ಪತ್ತನೆಯ ನಿಮಿಷದಲ್ಲಿ ಕೋಟೆ ಕ್ಲಬ್ಬು ಒಂದು ಗೋಲು ಹಾಕಿತು. ಹುಣಸೇಮರದಿಂದ, "ಡೇಯ್ ಸೆಕ್ರೆಟ್ರಿ, ಎಂಗಡಾ ಇರುಕ್ಕೇ?" ಎಂದು ಅವನೆಲ್ಲಿದ್ದಾನೆಂಬ ವಿಚಾರಣೆ ತಮಿಳಿನಲ್ಲಿ ಬಂತು. ಗೋಡೆಯಿಂದ ತೆಲುಗಿನಲ್ಲಿ ಬಂದದ್ದು ಭೂತಪ್ಪನ ತಾಯಿಯ ಕುರಿತಾಗಿತ್ತು. ಕನ್ನಡದಲ್ಲಿ ಚಪ್ಪಲಿ ಬಂತು, ಒಂದೇ ಕಾಲಿನದು.

ಶಿವರಾಜ್ ಬಂದು ಕಿವಿಯಲ್ಲಿ, "ನಾಳೆಯಿಂದ ಲೇತಿಗೆ ಬೇರೆಯವನನ್ನ ನೋಡ್ಕೋತೀನಿ" ಎಂದ.

"ನೀವೇ ರುಜು ಹಾಕಿದ್ರಲ್ಲ ಸಾರ್!"

"ಅವರು ಹಾಕಲ್ಲ ಅಂತ ಹಾಕ್ದೆ. ನೀನು ನಿಜವಾಗ್ಲೂ ಕೊಟ್ಟುಬಿಡೋದಾ?"

ಎಂಬತ್ತೇಳನೆಯ ನಿಮಿಷ. ಧರ್ಮಪ್ಪ ಹೊಡೆದ ಚೆಂಡು, ಎಲ್ಲೋ ಹೋಗಬೇಕಾದದ್ದು, ಕೋಟೆಯವನೊಬ್ಬನ ಕೈಗೆ ತಗುಲಿತು. ರೆಫ್ರಿ ಸೀಟಿ ಊದಿ ಚುಕ್ಕಿಯ ಕಡೆ ಬೆರಳು ಮಾಡಿದ. ಪೆನಾಲ್ಟಿ. ಅದೇ ಗೋಲು, ಅದೇ ಚುಕ್ಕಿ, ಅದೇ ಮೂವತ್ತಾರು ಅಡಿ.

ಇಡೀ ಮೈದಾನ ಒಂದೇ ಹೆಸರು ಕೂಗತೊಡಗಿತು. ಹೆಚ್ಚುವರಿ ಆಟಗಾರರ ಪಟ್ಟಿಯಲ್ಲಿ ಅಧ್ಯಕ್ಷರು ಮೊದಲೇ ಮುರಳಿಯ ಹೆಸರು ಸೇರಿಸಿಟ್ಟಿದ್ದರು. ಈಗ ಬದಲಿಯಾಗಿ ಇಳಿಸಿದರೂ ಕಿಕ್ ಹೊಡೆಯಬಹುದು. ಗಂಗಾಧರಪ್ಪನವರು ಪಂಚೆ ಎತ್ತಿ ಹಿಡಿದು ಓಡಿಬಂದರು, ಹಿಂದೆ ಶಿವರಾಜ್. ಎಲೆಕ್ಷನ್ನು ಮರೆತು ಇಬ್ಬರೂ ಕೈ ಹಿಡಿದುಕೊಂಡಿದ್ದರು.

"ನೋಟೀಸು ವಾಪಸ್! ಏ ಭೂತಪ್ಪ, ರದ್ದು ಅಂತ ಬರಿ ಅದರ ಮೇಲೆ! ಬರೀಲಿಲ್ಲ ಅಂದ್ರೆ ನಾಳೆಯಿಂದ ನೀನು ಕ್ಲಬ್ಬಿನಲ್ಲೇ ಇಲ್ಲ!"

ಭೂತಪ್ಪ ಹೆಂಗಸರ ಕಡೆ ನೋಡಿದ. ಯಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹುಣಸೇಮರದ ಕಡೆ ನೋಡಿದ. ಇನ್ನೊಂದು ಕಾಲಿನ ಚಪ್ಪಲಿ ಬರುತ್ತಿತ್ತು. ಅವನ ಕೈ ತಾನಾಗಿಯೇ ಪೆನ್ನು ತೆಗೆಯಿತು. ತಾನೇ ಟೈಪು ಮಾಡಿದ ಕಾಗದದ ಮೇಲೆ, ತನ್ನದೇ ರುಜುವಿನ ಮೇಲೆ, 'ರದ್ದು' ಎಂದು ಬರೆದ. ಹೆಂಡತಿಯ ಕಡೆ ಮತ್ತೆ ನೋಡುವ ಧೈರ್ಯವಾಗಲಿಲ್ಲ.

"ಏಳು ಮುರಳಿ" ಎಂದ. "ಒಂದೇ ಒಂದು ಕಿಕ್ಕು. ನನ್ನ ಕೆಲಸ, ನನ್ನ ಮನೆ, ಎಲ್ಲಾ ನಿನ್ನ ಕಾಲಲ್ಲಿದೆ ಮಾರಾಯ."

ಮುರಳಿ ಅವನನ್ನು ನೋಡಿದ. ಬಯ್ಯಲಿಲ್ಲ. ಹಚ್ಚಿಟ್ಟ ದೀಪವೊಂದು ಆರಿದ್ದನ್ನು ನೋಡಿದವನ ಹಾಗೆ, ಬೇಸರದಿಂದ ನೋಡಿದ.

ಅಧ್ಯಕ್ಷರು ನಾಗಯ್ಯನ ಕಡೆ ತಿರುಗಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ ಮಾತಾಡಿದರು. "ನೀನಾದ್ರೂ ಹೇಳು ನಾಗಯ್ಯ. ಕ್ಷಮಿಸಿದೀನಿ, ಹೋಗಿ ಆಡು ಅಂತ ಹೇಳು."

"ಕ್ಷಮಿಸಿ ಆಗ್ಲೇ ಆಯ್ತು" ಎಂದ ನಾಗಯ್ಯ. "ಆದ್ರೆ ನಾನು ಗೆರೆ ಹಾಕೋನು ಬುದ್ಧಿ. ದಾಟು ಅಂತ ಹೇಳೋದು ನನ್ನ ಕೆಲಸ ಅಲ್ಲ."

ರೆಫ್ರಿ ಗಡಿಯಾರ ನೋಡಿಕೊಂಡ. ಚುಕ್ಕಿಯ ಮೇಲೆ ಚೆಂಡು ಕಾಯುತ್ತಿತ್ತು. ಅದರ ಹಿಂದೆ ಧರ್ಮಪ್ಪ, ಒಲೆಯ ಮೇಲೆ ಹಾಲಿಟ್ಟು ಮರೆತವನಂತೆ, ಬೆವರುತ್ತ ನಿಂತಿದ್ದ. ಸಾವಿರಾರು ಜನರ ಕೂಗು ಇದ್ದಕ್ಕಿದ್ದಂತೆ ನಿಂತುಹೋಯಿತು. ಮುರಳಿ ಎದ್ದಿದ್ದ.

ಅವನು ಗೆರೆಯವರೆಗೆ ನಡೆದ. ಬಿಳಿಯ ಸುಣ್ಣಕ್ಕೆ ಒಂದು ಬೆರಳು ಹಿಂದೆ ಬೂಟಿನ ತುದಿ ನಿಲ್ಲಿಸಿದ. ಕಾಲುಚೀಲದಿಂದ ತನ್ನ ಪ್ರತಿ ತೆಗೆದು, ಬಿಡಿಸಿ, ಅಧ್ಯಕ್ಷರಿಗೆ ಕಾಣುವಂತೆ ಹಿಡಿದ.

"ನಿಮ್ಮ ಪ್ರತೀಲಿ ರದ್ದು ಅಂತ ಇರಬಹುದು. ನಂದರಲ್ಲಿ ಮೂರು ಮ್ಯಾಚು ಅಂತ ಇದೆ. ಇನ್ನೂ ಒಂದೂ ಮುಗಿದಿಲ್ಲ."

"ಏ, ಇಳಿಯೋ ಒಳಗೆ!"

"ನಾನು ಆಡಲ್ಲ" ಎಂದ ಮುರಳಿ.